ಎರಡು ಲಕ್ಷದ ಬಾಂಡ್: ನ್ಯಾಯ ಯಾರ ಕಡೆ?

2025ರ ಮೇ 14ರಂದು ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿನ ಹಳೆಯ ವ್ಯಾಜ್ಯವೊಂದನ್ನು ಇತ್ಯರ್ಥ ಮಾಡಿತು. ಮಂಗಳೂರಿನಲ್ಲಿ ಹುಟ್ಟಿದ ಆ ಬ್ಯಾಂಕು 2019ರಲ್ಲೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿತ್ತು, ವ್ಯಾಜ್ಯ ಮಾತ್ರ ಉಳಿದಿತ್ತು. 2007ರಲ್ಲಿ ಸೀನಿಯರ್ ಮ್ಯಾನೇಜರ್ ಹುದ್ದೆಗೆ ಸೇರಿದ ಅಧಿಕಾರಿಯೊಬ್ಬರು ಮೂರು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟುತ್ತೇನೆ ಎಂದು ಬಾಂಡ್ ಬರೆದುಕೊಟ್ಟಿದ್ದರು. 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟಾಗ ತಕರಾರು ಎತ್ತಿಯೇ ಹಣ ಕಟ್ಟಿದರು, ಕೋರ್ಟ್ ಮೆಟ್ಟಿಲೇರಿದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಬ್ಯಾಂಕಿನ ಷರತ್ತು ಊರ್ಜಿತ ಎಂದಿತು.

ಇದನ್ನು ಹಿಡಿದುಕೊಂಡು, ಇನ್ನು ಯಾವ ಬಾಂಡಿಗೂ ತೊಂದರೆಯಿಲ್ಲ ಎನ್ನುವ ಮಾಲೀಕರಿದ್ದಾರೆ. ಬಾಂಡ್ ಎಂದರೇ ಜೀತ, ಕೋರ್ಟು ಜೀತಕ್ಕೆ ಮುದ್ರೆ ಒತ್ತಿತು ಎಂದು ಸಿಟ್ಟಾಗುವ ನೌಕರರೂ ಇದ್ದಾರೆ. ಎರಡು ಮಾತನ್ನೂ ನಾನು ಒಪ್ಪಲಾರೆ. ಹಾಗೆಂದು ಇಬ್ಬರ ಸಂಕಟವೂ ಸುಳ್ಳಲ್ಲ.

ಮಾಲೀಕರ ಸಂಕಟ ನೋಡಬೇಕಾದರೆ ಪೀಣ್ಯದ ಯಾವುದಾದರೂ ಸಣ್ಣ ಮಷೀನ್ ಶಾಪಿಗೆ ಹೋಗಬೇಕು. ಐಟಿಐ ಮುಗಿಸಿ ಬಂದ ಹುಡುಗನನ್ನು ಸಿಎನ್‌ಸಿ ಮಷೀನ್ ಮುಂದೆ ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ಆಫ್‌ಸೆಟ್ ತಪ್ಪುತ್ತದೆ, ಟೂಲ್ ಮುರಿಯುತ್ತದೆ, ಪೀಸುಗಳು ರಿಜೆಕ್ಟ್ ಆಗಿ ಗುಜರಿಗೆ ಬೀಳುತ್ತವೆ. ಹಳೆಯ ಆಪರೇಟರ್ ತನ್ನ ಕೆಲಸ ಬಿಟ್ಟು ಪಕ್ಕದಲ್ಲಿ ನಿಂತು ಕಲಿಸುತ್ತಾನೆ. ಹುಡುಗ ತಾನೇ ಸೆಟ್ಟಿಂಗ್ ಮಾಡುವಷ್ಟು ಪಳಗುವ ಹೊತ್ತಿಗೆ ಪಕ್ಕದ ರಸ್ತೆಯ ಕಾರ್ಖಾನೆಯವರು ಎರಡು ಸಾವಿರ ಹೆಚ್ಚು ಕೊಡುತ್ತೇವೆ ಬಾ ಎನ್ನುತ್ತಾರೆ. ಕಲಿಸಿದ ಖರ್ಚು ಒಬ್ಬರದು, ಲಾಭ ಇನ್ನೊಬ್ಬರದು. ಹೀಗೇ ಆಗುತ್ತಿದ್ದರೆ ಕಲಿಸುವ ಉಸಾಬರಿಯೇ ಬೇಡ ಎಂದು ಮಾಲೀಕ ಅನುಭವಸ್ಥರನ್ನಷ್ಟೇ ಹುಡುಕುತ್ತಾನೆ, ಹೊಸಬರಿಗೆ ಬಾಗಿಲು ಮುಚ್ಚುತ್ತದೆ. ಈ ನಷ್ಟಕ್ಕೆ ಪರಿಹಾರ ಕೇಳುವುದು ಅನ್ಯಾಯವಲ್ಲ.

ಇನ್ನು ದಾವಣಗೆರೆಯಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಬಂದ ಫ್ರೆಶರ್‌ನ ಕಡೆ ನಿಂತು ನೋಡಿ. ಕೆಲಸಕ್ಕೆ ಸೇರುವ ದಿನ ಮೇಜಿನ ಮೇಲೆ ಛಾಪಾ ಕಾಗದ ಇರುತ್ತದೆ. ಜಾಮೀನಿಗೆ ಅಪ್ಪನ ಸಹಿ ಬೇಕು ಎನ್ನುತ್ತಾರೆ. ಸಹಿ ಹಾಕಿದ ಖಾಲಿ ಚೆಕ್ ಕೇಳುವವರೂ ಇದ್ದಾರೆ. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿಯವರೆಗಿನ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳು ವೆರಿಫಿಕೇಷನ್ ಹೆಸರಿನಲ್ಲಿ ಒಳಗೆ ಹೋದರೆ ಬಾಂಡ್ ಮುಗಿಯುವವರೆಗೆ ಹೊರಗೆ ಬರುವುದಿಲ್ಲ. "ಎಲ್ಲಾ ಬರೀ ಫಾರ್ಮಾಲಿಟಿ ಕಣಮ್ಮಾ, ಸೈನ್ ಮಾಡು" ಎಂದರೆ, ಊರಿನಲ್ಲಿ ಶಿಕ್ಷಣ ಸಾಲದ ಕಂತು ಕಾಯುತ್ತಿರುವ ಹುಡುಗಿ ಪ್ರಶ್ನೆ ಕೇಳುತ್ತಾಳೆಯೇ? ಟ್ರೈನಿಂಗ್ ಎಂದು ನಡೆಯುವುದು ಒಂದು ವಾರದ ಸ್ಲೈಡ್ ಪ್ರದರ್ಶನ, ಅದಕ್ಕೆ ಕಟ್ಟುವ ಬೆಲೆ ಲಕ್ಷಗಳಲ್ಲಿ. ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಇಂಥ ಎಷ್ಟೋ ಒಪ್ಪಂದಗಳಲ್ಲಿ ಕಂಪನಿ ಒಂದು ತಿಂಗಳ ನೋಟಿಸ್ ಕೊಟ್ಟು ಅವಳನ್ನು ಮನೆಗೆ ಕಳಿಸಬಹುದು, ಅವಳು ಮಾತ್ರ ಹೊರಡುವಂತಿಲ್ಲ. ಹಣಕ್ಕಿಂತ ಈ ಅಸಮಾನತೆಯೇ ದೊಡ್ಡ ಅನ್ಯಾಯ.

ಕಾನೂನು ಇಬ್ಬರ ಮಾತನ್ನೂ ಕೇಳಿಸಿಕೊಂಡಿದೆ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಕಸುಬು ಮಾಡದಂತೆ ಕಟ್ಟಿಹಾಕುವ ಕರಾರು ಅಸಿಂಧು. ಹಾಗಾಗಿ ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಎಂಬ ಷರತ್ತು ನಮ್ಮ ಕೋರ್ಟುಗಳಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಕೆಲಸದಲ್ಲಿರುವ ಅವಧಿಗೆ ಹಾಕುವ ಕಟ್ಟುಪಾಡು ಬೇರೆ ಎಂದು ಸುಪ್ರೀಂ ಕೋರ್ಟ್ 1967ರ ಗೋಲಿಕರಿ ಪ್ರಕರಣದಲ್ಲೇ ಹೇಳಿತ್ತು, ವಿಜಯಾ ಬ್ಯಾಂಕ್ ತೀರ್ಪೂ ಅದೇ ದಾರಿ ಹಿಡಿಯಿತು. ಅದೇ ಕಾಯ್ದೆಯ 74ನೇ ಕಲಮಿನ ಪ್ರಕಾರ ಬಾಂಡಿನಲ್ಲಿ ಬರೆದ ಮೊತ್ತವೇ ಗರಿಷ್ಠ ಮಿತಿ, ಕೋರ್ಟು ಕೊಡಿಸುವುದು ಅದರೊಳಗಿನ ನ್ಯಾಯವಾದ ಪರಿಹಾರವನ್ನಷ್ಟೇ. ಇಷ್ಟವಿಲ್ಲದವರನ್ನು ಕೆಲಸದಲ್ಲೇ ಕೂರಿಸಿ ದುಡಿಸುವ ಆದೇಶವನ್ನು ಯಾವ ಮಾಲೀಕನೂ ಪಡೆಯಲಾರ. ಜೀತಕ್ಕೂ ಬಾಂಡಿಗೂ ಇರುವ ವ್ಯತ್ಯಾಸ ಇದು.

ವಿಜಯಾ ಬ್ಯಾಂಕ್ ಗೆದ್ದದ್ದಕ್ಕೆ ಕೋರ್ಟು ಕೊಟ್ಟ ಕಾರಣವನ್ನೂ ಗಮನಿಸಬೇಕು. ಸರ್ಕಾರಿ ಬ್ಯಾಂಕು ತನಗೆ ಬೇಕಾದವರನ್ನು ಕರೆದು ಕೆಲಸ ಕೊಡುವಂತಿಲ್ಲ. ಒಬ್ಬರು ನಡುವೆ ಬಿಟ್ಟರೆ ಜಾಹೀರಾತಿನಿಂದ ಹಿಡಿದು ಇಡೀ ಆಯ್ಕೆ ಪ್ರಕ್ರಿಯೆಯನ್ನು ಮತ್ತೆ ನಡೆಸಬೇಕು, ಅದಕ್ಕೆ ಖರ್ಚಿದೆ. ಆ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ ಎರಡು ಲಕ್ಷ ಅತಿಯಲ್ಲ ಎಂದೂ ಕೋರ್ಟು ಕಂಡಿತು. ವಾಕ್-ಇನ್ ಸಂದರ್ಶನ ಮಾಡಿ ಮರುದಿನವೇ ಇನ್ನೊಬ್ಬರನ್ನು ತೆಗೆದುಕೊಳ್ಳುವ ಖಾಸಗಿ ಕಂಪನಿ ಈ ಕಾರಣವನ್ನು ತನ್ನದೆಂದು ಹೇಳಿಕೊಳ್ಳುವುದು ಕಷ್ಟ. ಒಂದೇ ಕಡೆಯವರು ಬರೆದ ಸಿದ್ಧ ಒಪ್ಪಂದದ ಷರತ್ತು ಪ್ರಶ್ನೆಗೆ ಬಂದಾಗ ಅದು ನ್ಯಾಯಸಮ್ಮತ ಎಂದು ತೋರಿಸುವ ಹೊಣೆ ಮಾಲೀಕರದ್ದೇ ಎಂದು ಅದೇ ತೀರ್ಪು ಹೇಳಿದೆ. ಗೆದ್ದವರು ಈ ಸಾಲನ್ನು ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ನಿಜವಾಗಿ ಕಲಿಸಿದವರು ಖರ್ಚಿನ ಲೆಕ್ಕ ಬರೆದು ತೋರಿಸಲಿ, ದುಡಿದ ತಿಂಗಳುಗಳಿಗೆ ತಕ್ಕಂತೆ ಆ ಮೊತ್ತ ಇಳಿಯುತ್ತ ಹೋಗಲಿ. ಇಪ್ಪತ್ತಮೂರು ತಿಂಗಳು ದುಡಿದವನೂ ಎರಡನೇ ವಾರಕ್ಕೆ ಓಡಿಹೋದವನೂ ಒಂದೇ ದಂಡ ಕಟ್ಟುವ ಬಾಂಡನ್ನು ಸಮರ್ಥಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಒರಿಜಿನಲ್ ದಾಖಲೆ ಒತ್ತೆ ಇಟ್ಟುಕೊಳ್ಳುವುದನ್ನಂತೂ ಮಾಲೀಕ ಎಷ್ಟೇ ಖರ್ಚು ಮಾಡಿದ್ದರೂ ಒಪ್ಪಲಾಗದು. ಹಣ ಬರಬೇಕಿದ್ದರೆ ಕೋರ್ಟಿದೆ. ಹಾಗೆಯೇ ಹೇಳದೆ ಕೇಳದೆ ಫೋನ್ ಸ್ವಿಚ್ ಆಫ್ ಮಾಡಿ ನಾಪತ್ತೆಯಾಗುವ ನೌಕರರೂ ತಮ್ಮ ನಂತರ ಬರುವ ಹುಡುಗರಿಗೆ ಬಾಂಡ್ ಬಿಗಿಯಾಗುವಂತೆ ಮಾಡುತ್ತಾರೆ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದೂ ಹೇಳುತ್ತವೆ. ಕಾನೂನಿನ ಈ ರಕ್ಷಣೆ ಇದ್ದರೂ, ಹೊಸದಾಗಿ ಕೆಲಸಕ್ಕೆ ಸೇರುವವರಲ್ಲಿ ನನ್ನ ಕೋರಿಕೆ ಇಷ್ಟು: ಸಹಿ ಹಾಕುವ ಮುನ್ನ ಒಪ್ಪಂದವನ್ನು ಒಂದು ರಾತ್ರಿ ಮನೆಗೆ ಒಯ್ದು ಓದಿ, ಪ್ರತಿ ಪುಟದ ನಕಲು ಇಟ್ಟುಕೊಳ್ಳಿ, ಒರಿಜಿನಲ್ ತೋರಿಸಿ ಅಲ್ಲೇ ವಾಪಸ್ ಪಡೆಯಿರಿ, ಖಾಲಿ ಚೆಕ್ ಮಾತ್ರ ಯಾರಿಗೂ ಕೊಡಬೇಡಿ.