ಮೇಲೆ ಮೈದಾನ, ಕೆಳಗೆ ಮಳೆನೀರಿನ ಟ್ಯಾಂಕ್: ಇಷ್ಟಾದರೂ ಹಿಂದ್‌ಮಾತಾ ಮುಳುಗಿದ್ದೇಕೆ?

ಮುಂಬೈನಿಂದ ಬಟ್ಟೆ ತರಿಸುವ ವ್ಯಾಪಾರಿಗಳಿಗೆ ದಾದರ್ ಪೂರ್ವದ ಹಿಂದ್‌ಮಾತಾ ಹೊಸ ಹೆಸರೇನಲ್ಲ. ಸಾಲು ಸಾಲು ಬಟ್ಟೆ ಅಂಗಡಿ ಇರುವ ಈ ಜಾಗ ತಟ್ಟೆ ಥರ ತಗ್ಗು. ಜೋರು ಮಳೆ ಹಿಡಿದರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತೆ.

ಮುಂಬೈ ಪಾಲಿಕೆ ಪಂಪಿಂಗ್ ಸ್ಟೇಷನ್ ಕಟ್ಟಿ ನೋಡಿತು, ಪೂರ್ತಿ ಬಗೆಹರಿಯಲಿಲ್ಲ. ಸಮುದ್ರಕ್ಕೆ ಉಬ್ಬರ ಬಂದಾಗ ಚರಂಡಿ ಎಷ್ಟೇ ಅಗಲ ಇದ್ದರೂ ನೀರು ಹೊರಗೆ ಹೋಗಲ್ಲ. ಹಾಗಾಗಿ 2021ರ ಹೊತ್ತಿಗೆ ಬೇರೆ ದಾರಿ ಹಿಡಿದರು. ನೀರನ್ನು ಓಡಿಸೋದಕ್ಕಿಂತ ಕೆಲವು ಗಂಟೆ ಹಿಡಿದಿಟ್ಟುಕೊಳ್ಳೋದು. ಪರೇಲ್‌ನ ಸೇಂಟ್ ಝೇವಿಯರ್ಸ್ ಮೈದಾನ, ದಾದರ್ ಪಶ್ಚಿಮದ ಪ್ರಮೋದ್ ಮಹಾಜನ್ ಪಾರ್ಕ್ ಎರಡರ ಅಡಿಯಲ್ಲೂ ಟ್ಯಾಂಕ್ ಕಟ್ಟಿದರು. ಎರಡೂ ಸೇರಿ ಕೋಟಿಗಟ್ಟಲೆ ಲೀಟರ್ ಹಿಡಿಸುತ್ತವೆ. ಪಾರ್ಕಿಗೆ ನೀರು ಒಯ್ಯುವ ಪೈಪು ರೈಲ್ವೆ ಹಳಿಯ ಕೆಳಗೆ ಹಾದು ಹೋಗಿದೆ. ಉಬ್ಬರ ಇಳಿದ ಮೇಲೆ ನೀರನ್ನು ಪಂಪ್ ಮಾಡಿ ಸಮುದ್ರಕ್ಕೆ ಬಿಡೋದು ಲೆಕ್ಕ.

ಒಳನಾಡಿನ ತಾಲ್ಲೂಕುಗಳಲ್ಲಿ ಸಮುದ್ರ ಇಲ್ಲ, ನಿಜ. ಆದರೆ ಊರ ಹೊರಗಿನ ಹಳ್ಳವೇ ತುಂಬಿ ಹರಿಯುವಾಗ ಬಜಾರಿನ ಚರಂಡಿ ನೀರು ಹೋಗೋದೆಲ್ಲಿಗೆ? ಅದು ವಾಪಸ್ ಅಂಗಡಿ ಮೆಟ್ಟಿಲಿಗೇ ಬರುತ್ತೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಸುಲಭ. ಒಂದು ಎಕರೆ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಪೇಟೆ 50 ಎಕರೆ ಇದೆ ಅಂದುಕೊಂಡರೆ 1 ಕೋಟಿ ಲೀಟರ್. ಶೀಟು, ಟಾರು, ಕಾಂಕ್ರೀಟ್ ಇರುವ ಕಡೆ ಬಹುಪಾಲು ನೀರು ಇಂಗದೆ ಹರಿಯುತ್ತೆ. ಒಂದು ಎಕರೆ ಮೈದಾನದಡಿ 4 ಮೀಟರ್ ಆಳದ ಟ್ಯಾಂಕ್ ಕಟ್ಟಿದರೆ ಸುಮಾರು 1.6 ಕೋಟಿ ಲೀಟರ್ ಹಿಡಿಸುತ್ತೆ. ಅಂದರೆ ಸಂತೆ ಮೈದಾನದಷ್ಟು ಜಾಗವಿದ್ದರೆ ಪೇಟೆಯ ಒಂದು ಜೋರು ಮಳೆಯನ್ನು ತಡೆದು ನಿಲ್ಲಿಸಬಹುದು.

ಹಾಂಗ್‌ಕಾಂಗ್ ಇದನ್ನು ಇನ್ನೂ ದೊಡ್ಡದಾಗಿ ಮಾಡಿದೆ. ಅಲ್ಲಿನ ತಾಯ್ ಹಾಂಗ್ ತುಂಗ್‌ನಲ್ಲಿ ಆಟದ ಮೈದಾನದಡಿ 10 ಕೋಟಿ ಲೀಟರ್ ಟ್ಯಾಂಕ್ 2004ರಿಂದ ಇದೆ. ಹ್ಯಾಪಿ ವ್ಯಾಲಿ ರೇಸ್‌ಕೋರ್ಸ್ ನಡುವಿನ ಮೈದಾನದಡಿ 6 ಕೋಟಿ ಲೀಟರಿನದು 2017ರಲ್ಲಿ ಮುಗಿಯಿತು. ಮೇಲೆ ಫುಟ್‌ಬಾಲ್ ಆಡ್ತಾರೆ. ಹ್ಯಾಪಿ ವ್ಯಾಲಿಯಲ್ಲಿ ಮೆಚ್ಚಬೇಕಾದ್ದು ನೀರು ಒಳಬರುವ ಬಾಯಿಯ ಏರಿಳಿಯುವ ತಡೆಗೋಡೆ. ಸಣ್ಣ ಮಳೆಯ ನೀರು ಟ್ಯಾಂಕಿಗೆ ಹೋಗದೆ ಚರಂಡಿಯಲ್ಲೇ ಹರಿದು ಹೋಗುತ್ತೆ. ಪ್ರವಾಹ ಬರುವ ಹೊತ್ತಿಗೆ ಮಾತ್ರ ಗೋಡೆ ತಗ್ಗುತ್ತೆ. ಹಾಗಾಗಿ ನಿಜವಾಗಿ ಬೇಕಾದಾಗ ಟ್ಯಾಂಕ್ ಖಾಲಿ ಇರುತ್ತೆ, ಪಂಪಿನ ಕರೆಂಟ್ ಬಿಲ್ಲೂ ಕಡಿಮೆ.

ಬೆಂಗಳೂರು ಮಾಡಿದ್ದು ಇದರ ಉಲ್ಟಾ. ಧರ್ಮಾಂಬುಧಿ ಕೆರೆಯ ಮೇಲೆ ಬಸ್ ಸ್ಟ್ಯಾಂಡ್, ಸಂಪಂಗಿ ಕೆರೆಯ ಮೇಲೆ ಕಂಠೀರವ ಸ್ಟೇಡಿಯಂ. ಮೇಲಿನ ಸಾರ್ವಜನಿಕ ಜಾಗವೇನೋ ಸಿಕ್ಕಿತು, ಕೆಳಗೆ ನೀರಿಗೆ ಇದ್ದ ಜಾಗ ಹೋಯಿತು. ಕೆರೆ ಉಳಿದಿರುವ ಊರಿಗೆ ಟ್ಯಾಂಕಿಗಿಂತ ಮೊದಲು ಕೆರೆಯ ಹೂಳೆತ್ತೋದೇ ಅಗ್ಗ.

ಇನ್ನು ಹಿಂದ್‌ಮಾತಾ ಕಥೆ. 2025ರ ಮೇ 26ರಂದು ಮುಂಬೈಗೆ ಮಳೆಗಾಲ ಬೇಗ ಬಂತು. ಕೊಲಾಬಾದಲ್ಲಿ ಮೇ ತಿಂಗಳ 107 ವರ್ಷದ ಮಳೆ ದಾಖಲೆ ಮುರಿಯಿತು. ಹಿಂದ್‌ಮಾತಾದಲ್ಲಿ ಮತ್ತೆ ನೀರು ನಿಂತಿತು. ಪಂಪ್ ಸರಿಯಾಗಿ ನಡೆಸಲಿಲ್ಲ ಎಂದು ಪಾಲಿಕೆ ಹಿಂದ್‌ಮಾತಾ ಸೇರಿ ನಾಲ್ಕು ಕಿರು ಪಂಪಿಂಗ್ ಕೇಂದ್ರಗಳ ನಿರ್ವಾಹಕರಿಗೆ ತಲಾ 10 ಲಕ್ಷ ರೂ. ದಂಡ ಹಾಕಿತು. ನೆಲದಡಿ ಅಷ್ಟು ದೊಡ್ಡ ಟ್ಯಾಂಕ್ ಇದ್ದೂ, ಮೋಟಾರ್ ಆನ್ ಮಾಡುವವನ ಮೇಲೆ ಎಲ್ಲಾ ನಿಂತಿತ್ತು.

ಆದ್ದರಿಂದ ಇಂಥ ಯೋಜನೆ ಯಾವ ಊರಿಗೇ ಬರಲಿ, ಕಾಂಕ್ರೀಟಿನ ಅಂದಾಜು ಪಟ್ಟಿ ಆಮೇಲೆ ನೋಡಿದರಾಯ್ತು. ಮೊದಲು ಕೇಳಬೇಕಾದ್ದು ಬೇರೆ. ಟ್ಯಾಂಕಿನ ಬಾಯಲ್ಲಿ ಹೂಳು, ಪ್ಲಾಸ್ಟಿಕ್ ತಡೆಯುವ ಗುಂಡಿ ಇದೆಯಾ? ಶೌಚದ ನೀರು ಚರಂಡಿಗೆ ಸೇರುತ್ತಿದ್ದರೆ ಟ್ಯಾಂಕ್ ಗಬ್ಬು ನಾರುತ್ತೆ, ಒಳಗೆ ವಿಷಗಾಳಿ ಕಟ್ಟುತ್ತೆ. ಅಲ್ಲಿಗೆ ಮನುಷ್ಯರನ್ನು ಇಳಿಸುವ ಹಾಗಿಲ್ಲ, ಯಂತ್ರ ಇಳಿಯುವಷ್ಟು ದೊಡ್ಡ ಬಾಯಿ ನಕ್ಷೆಯಲ್ಲೇ ಇರಬೇಕು. ನೀರು ದಿನಗಟ್ಟಲೆ ನಿಂತರೆ ಸೊಳ್ಳೆ ಬೇರೆ.

ಮೇಲಿನ ಜಾಗದ ವಿಷಯದಲ್ಲೂ ಅಷ್ಟೇ. ಮಕ್ಕಳು ಆಡೋ ಮೈದಾನದ ಭಾರ ಬೇರೆ, ಸಂತೆಗೆ ಲೋಡ್ ಲಾರಿ ನುಗ್ಗೋ ಮೈದಾನದ ಭಾರ ಬೇರೆ. ಜಾತ್ರೆಯ ಜಯಂಟ್ ವ್ಹೀಲು, ಸಭೆಯ ಪೆಂಡಾಲು, ಅಗ್ನಿಶಾಮಕ ವಾಹನ, ಏನೇನು ಬರುತ್ತೆ ಅನ್ನೋದನ್ನು ಸ್ಲ್ಯಾಬ್ ಹಾಕುವ ಮೊದಲೇ ಬರೆದಿಡಬೇಕು. ಸ್ಲ್ಯಾಬಿನ ಮೇಲೆ ಎರಡಡಿ ಮಣ್ಣು ಹಾಕಿದರೆ ಹುಲ್ಲು ಬರುತ್ತೆ, ಹೊಂಗೆ ಬೇವು ಬರಲ್ಲ. ನೆರಳು ಬೇಕಂದ್ರೆ ಟ್ಯಾಂಕಿನ ಅಂಚಿನಾಚೆ ಮರಕ್ಕೆ ಜಾಗ ಬಿಡಬೇಕು.

ಕೊನೆಗೆ, ಮಳೆ ಜೋರಾದಾಗಲೇ ಕರೆಂಟ್ ಹೋಗೋದು. ಆ ಹೊತ್ತಿಗೆ ಜನರೇಟರಿಗೆ ಡೀಸೆಲ್ ಯಾರ ಖಾತೆಯಿಂದ, ರಾತ್ರಿ 2 ಗಂಟೆಗೆ ಪಂಪ್‌ಹೌಸಿನ ಬೀಗ ಯಾರ ಕೈಯಲ್ಲಿ, ಇವೆರಡು ಟೆಂಡರ್ ಕಾಗದದಲ್ಲೇ ಇರಬೇಕು.