ಕಡೂರಿನಲ್ಲೊಂದು ಕಡಲು, ಅದಕ್ಕೊಂದು ಹೊಸ ಮನೆ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆಯಲ್ಲಿ ಮೀನು ಸಾಕೋದು ಅಂದ್ರೆ ಸಾಮಾನ್ಯವಾಗಿ ಎರಡು ಗೋಲ್ಡ್‌ಫಿಶ್, ನಾಲ್ಕು ಗಪ್ಪಿ. ಉಪ್ಪುನೀರಿನ ತೊಟ್ಟಿ ಇಟ್ಟವರು ತೀರಾ ಕಡಿಮೆ. ಕಡಲು ನೋಡೋಕೆ ಘಟ್ಟ ಇಳೀಬೇಕಾದ ಊರುಗಳಿವು. ಆದರೂ ಇಟ್ಟವರಿದ್ದಾರೆ, ವರ್ಷಗಟ್ಟಲೆ ಚೆನ್ನಾಗಿ ನೋಡಿಕೊಂಡವರೂ ಇದ್ದಾರೆ. ಅಂಥವರಿಗೆ ಒಂದಲ್ಲ ಒಂದು ದಿನ ಬರೋ ಕಷ್ಟ ಒಂದೇ: ಹಳೆ ಗಾಜಿನ ಅಂಚಿನಲ್ಲಿ ಸಿಲಿಕಾನ್ ಬಿಡೋಕೆ ಶುರುವಾಗುತ್ತೆ, ಇಲ್ಲವೇ ಮೀನು ದೊಡ್ಡದಾಗುತ್ತೆ, ಇಲ್ಲವೇ ಮನೆಯೇ ಬದಲಾಗುತ್ತೆ. ಆಗ ಇಡೀ ಕಡಲನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಸಾಗಿಸಬೇಕು.

ಇದು ಸಾಮಾನು ಸಾಗಿಸಿದ ಹಾಗಲ್ಲ. ಐದಾರು ವರ್ಷದಿಂದ ಮಕ್ಕಳ ಜೊತೆ ಬೆಳೆದ ಕ್ಲೌನ್ ಮೀನು, ಅದೇ ನಮ್ಮ ‘ನೀಮೋ’, ಒಂದೇ ರಾತ್ರಿಯಲ್ಲಿ ಹೋಗಿಬಿಡಬಹುದು. ಚೆನ್ನಾಗಿ ನೋಡಿಕೊಂಡರೆ ತೊಟ್ಟಿಯಲ್ಲೇ 20 ವರ್ಷಕ್ಕೂ ಮೇಲೆ ಬದುಕಬಲ್ಲ ಜೀವ ಅದು. ಹಾಗಾಗಿ ಈ ವಾರ ಇದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಒಂದು ವಿಷಯ ತಿಳ್ಕೊಬೇಕು. ತೊಟ್ಟಿಯ ಜೀವ ನೀರಿನಲ್ಲಿಲ್ಲ, ಕಲ್ಲಿನಲ್ಲಿದೆ. ಮೀನಿನ ಗಲೀಜು, ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತೆ. ಅದು ವಿಷ. ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ, ಫಿಲ್ಟರಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಈ ಸೈನ್ಯ ತಾನಾಗಿ ಕಟ್ಟಿಕೊಳ್ಳೋಕೆ ನಾಲ್ಕರಿಂದ ಆರು ವಾರ ಬೇಕು. ಆದರೆ ಹಳೆ ಕಲ್ಲನ್ನೇ ಹಾಕಿದರೆ ಅದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪು ಒಣಗಬಾರದು, ಬಿಸಿಯಾಗಬಾರದು, ನಲ್ಲಿ ನೀರಲ್ಲಿ ತೊಳೀಬಾರದು. ತೆಗೆದ ಕಲ್ಲು ಹಳೆ ತೊಟ್ಟಿಯ ಉಪ್ಪುನೀರಿನಲ್ಲೇ ಮುಳುಗಿರಬೇಕು. ಫಿಲ್ಟರಿನ ಒಳಗಿನದ್ದಕ್ಕೂ ಇದೇ ಮಾತು.

ಹಳೆ ಮರಳಿನ ವಿಷಯ ಇದಕ್ಕೆ ಉಲ್ಟಾ. ವರ್ಷಗಟ್ಟಲೆ ಅಲ್ಲಾಡದೆ ಕೂತ ಮರಳಿನ ತಳದಲ್ಲಿ ಕೊಳಕು ತುಂಬಿರುತ್ತೆ. ಗಾಳಿಯಾಡದ ಕಡೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಇರಬಹುದು. ಅದನ್ನು ಕಲಕಿ ಹಾಗೇ ಹೊಸ ತೊಟ್ಟಿಗೆ ಸುರಿದರೆ ವಿಷವನ್ನೂ ಜೊತೆಗೆ ಸುರಿದ ಹಾಗೆ. ಹೊಸ ಮರಳು ಹಾಕೋದೇ ಕ್ಷೇಮ. ಹಳೆಯದೇ ಬೇಕು ಅಂದ್ರೆ ನೀರು ತಿಳಿಯಾಗೋವರೆಗೂ ತೊಳೀರಿ.

ಈಗ ನೀರು. ನಮ್ಮ ಬೋರ್‌ವೆಲ್ ನೀರಿನ ಗುಣ ಗೊತ್ತಲ್ಲ, ಸೋಲಾರ್ ಹೀಟರಿನ ಪೈಪು, ಪಾತ್ರೆಯ ತಳ ಎಲ್ಲಾ ಬೆಳ್ಳಗೆ. ಆ ನೀರಿಗೆ ನೇರವಾಗಿ ಉಪ್ಪು ಬೆರೆಸೋದು ಬೇಡ. ಆರ್‌ಓ ನೀರೇ ಬೇಕು. ಉಪ್ಪೂ ಅಡುಗೆ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಇರೋ ಅಕ್ವೇರಿಯಂ ಉಪ್ಪು. ಲೀಟರಿಗೆ ಹೆಚ್ಚುಕಮ್ಮಿ 35 ಗ್ರಾಂ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಅಂದ್ರೆ 255 ಲೀಟರ್ ನೀರು, ಅಂದಾಜು 9 ಕೆಜಿ ಉಪ್ಪು. ಹಿಂದಿನ ದಿನವೇ ಬೆರೆಸಿ, ಪಂಪ್ ಹಾಕಿ ಇಡೀ ರಾತ್ರಿ ತಿರುಗೋಕೆ ಬಿಡಿ. ಸಾಂದ್ರತೆ 1.025ರ ಆಸುಪಾಸು, ಉಷ್ಣತೆ 25 ಡಿಗ್ರಿ. ಹಳೆ ತೊಟ್ಟಿಯ ಲೆಕ್ಕ ಬೇರೆ ಇದ್ದರೆ ಅದಕ್ಕೇ ಹೊಂದಿಸಿ, ಆಮೇಲೆ ನಿಧಾನ ಸರಿಮಾಡಬಹುದು. ಹಳೆ ನೀರನ್ನೂ ಒಂದಷ್ಟು ಬಳಸಿ, ಆದರೆ ತಳ ಕಲಕದೆ ಮೇಲಿನಿಂದ ಎಳೆದದ್ದು ಮಾತ್ರ.

ಸ್ಟ್ಯಾಂಡು ಗಟ್ಟಿ ಇದೆಯಾ ನೋಡಿ. ನೀರು, ಕಲ್ಲು, ಮರಳು, ಗಾಜು ಸೇರಿದರೆ ಇಷ್ಟು ದೊಡ್ಡ ತೊಟ್ಟಿ ಮೂರೂವರೆ ಕ್ವಿಂಟಲ್ ದಾಟುತ್ತೆ. ಹೊಸ ತೊಟ್ಟಿಗೆ ಮೊದಲು ಬರೀ ನೀರು ತುಂಬಿ ಎರಡು ದಿನ ಸೋರುತ್ತಾ ನೋಡಿ, ಖಾಲಿ ಮಾಡಿ. ಮಟ್ಟ ಹಿಡಿದು ನೋಡೋದೂ ಆಗಲೇ.

ಸಾಗಿಸುವ ದಿನ ಬೆಳಿಗ್ಗೆ ಬೇಗ ಶುರುಮಾಡಿ. ಸೋಪು ಸೋಕದ ಬಕೆಟ್ಟುಗಳು ಬೇಕು, ಮುಚ್ಚಳ ಇರೋವು, ಯಾಕಂದ್ರೆ ಹೆದರಿದ ಮೀನು ಹಾರುತ್ತೆ. ಅರ್ಧ ನೀರು ಎಳೆದುಕೊಳ್ಳಿ, ಕಲ್ಲುಗಳನ್ನು ತೆಗೆಯಿರಿ, ಮೀನು ಹಿಡಿಯೋದು ಕೊನೆಗೆ. ಕಲ್ಲು ಇರೋವಾಗ ಬಲೆ ಹಿಡಿದು ಅಟ್ಟಾಡಿಸಿದರೆ ಮೀನೂ ಸುಸ್ತು, ನೀವೂ ಸುಸ್ತು. ಅನಿಮೋನ್ ಇದ್ದರೆ ಕಲ್ಲಿನಿಂದ ಕೀಳಬೇಡಿ, ಪಾದ ಹರಿದರೆ ಉಳಿಯೋದು ಕಷ್ಟ. ಕಲ್ಲಿನ ಸಮೇತ ಸಾಗಿಸಿ. ಗುಂಡಿಯ ಹಾಗಿರೋ ಜೊಯಾಂಥಿಡ್‌ಗಳು ಅಂಟಿಕೊಂಡಿದ್ದರೆ ಗ್ಲೌಸು, ಕನ್ನಡಕ ಕಡ್ಡಾಯ. ಅವುಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರಬಹುದು. ಆ ಕಲ್ಲನ್ನು ಬಿಸಿನೀರಿಗೆ ಹಾಕೋದಂತೂ ಖಂಡಿತ ಬೇಡ, ಆವಿಯಿಂದಲೇ ಮನೆಮಂದಿ ಆಸ್ಪತ್ರೆ ಸೇರಬೇಕಾಗುತ್ತೆ.

ಹೊಸ ತೊಟ್ಟಿಗೆ ಮರಳು, ಕಲ್ಲು, ನೀರು, ಪಂಪು. ನೀರು ತಿಳಿಯಾಗಿ ಉಷ್ಣತೆ ಹೊಂದಿದ ಮೇಲೆ, ಬಕೆಟ್ಟಿಗೆ ಹೊಸ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತಾ ಮೀನನ್ನು ಒಗ್ಗಿಸಿ ಬಿಡಿ. ಮೂರ್ನಾಲ್ಕು ದಿನ ಲೈಟು ಕಮ್ಮಿ, ಊಟವೂ ಕಮ್ಮಿ. ಒಂದು ವಾರ ದಿನಾ ಅಮೋನಿಯಾ ಪರೀಕ್ಷೆ ಮಾಡಿ. ಉಪ್ಪುನೀರಿನ ಪಿಎಚ್ 8.2ರ ಹತ್ತಿರ ಇರೋದರಿಂದ ಇಲ್ಲಿ ಅಮೋನಿಯಾ ಸಿಹಿನೀರಿಗಿಂತ ಜಾಸ್ತಿ ಕೆಡುಕು ಮಾಡುತ್ತೆ. ಕಂಡರೆ ತಕ್ಷಣ ಕಾಲುಭಾಗ ನೀರು ಬದಲಿಸಿ. ಅದಕ್ಕಾಗಿ ಒಂದಷ್ಟು ಉಪ್ಪುನೀರು ಬೆರೆಸಿ ಇಟ್ಟಿರಿ. ಕರೆಂಟಿನ ಕಥೆ ಹೇಳೋದೇ ಬೇಡ, ಬ್ಯಾಟರಿ ಏರ್‌ಪಂಪ್ ಒಂದು ಕೈಗೆಟಕುವ ಹಾಗಿರಲಿ.

ಇನ್ನು ಹವಳದ ಮಾತು. ಫೋನಿನಲ್ಲಿ ವಿದೇಶದವರ ತೊಟ್ಟಿ ನೋಡಿ, ಹೊಸ ತೊಟ್ಟಿ ದೊಡ್ಡದಾಯ್ತಲ್ಲ, ನಾಲ್ಕು ಹವಳ ಹಾಕೋಣ ಅನ್ಸುತ್ತೆ. ನಮ್ಮ ದೇಶದಲ್ಲಿ ಗಟ್ಟಿ ಹವಳ, ಕಪ್ಪು ಹವಳ, ಸೀ ಫ್ಯಾನ್, ಜೊತೆಗೆ ಕಡಲ್ಗುದುರೆಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅಂಗಡಿಯವರು ‘ಎಲ್ಲಾರೂ ಇಡ್ತಾರೆ ಸಾರ್’ ಅಂದರೂ ಬೇಡ. ಸತ್ತ ಹವಳದ ತುಂಡೂ ಬೇಡ, ಈಗ ಸಿಮೆಂಟು, ಸೆರಾಮಿಕ್ಕಿನ ಕಲ್ಲು ಸಿಗುತ್ತವೆ, ಬ್ಯಾಕ್ಟೀರಿಯಾಗೆ ಅಷ್ಟು ಸಾಕು. ಕ್ಲೌನ್ ಮೀನನ್ನೂ ಕಡಲಿಂದ ಹಿಡಿದದ್ದರ ಬದಲು ಹ್ಯಾಚರಿಯದ್ದನ್ನೇ ಕೇಳಿ. ಅದನ್ನು ಮರಿ ಮಾಡಿಸೋ ವಿಧಾನವನ್ನು ನಮ್ಮ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಜೀವಂತ ಹವಳ ನೋಡೋ ಆಸೆ ಇದ್ದರೆ ಮುರ್ಡೇಶ್ವರಕ್ಕೆ ಹೋಗಿ, ಎದುರಿನ ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್ ಮಾಡಿಸುತ್ತಾರೆ. ಮಕ್ಕಳಿಗೆ ಅದು ತೊಟ್ಟಿಗಿಂತ ದೊಡ್ಡ ಪಾಠ.

ಕೊನೆಗೆ ಉಳಿಯೋದು ಹಳೆ ಉಪ್ಪುನೀರು. ತೆಂಗಿನ ಬುಡಕ್ಕೆ, ಅಡಿಕೆ ತೋಟಕ್ಕೆ, ಕೆರೆಗೆ ಹಾಕಬೇಡಿ, ಬಚ್ಚಲ ಚರಂಡಿಗೆ ಬಿಡಿ. ಹಳೆ ತೊಟ್ಟಿ ಸೋರದೇ ಇದ್ದರೆ ಎಸೆಯಬೇಡಿ, ಹೊಸದಾಗಿ ತಂದ ಮೀನನ್ನು ಒಂದು ತಿಂಗಳು ಬೇರೆ ಇಟ್ಟು ನೋಡೋಕೆ ಅದು ಬೇಕು.

ಬೇಸಿಗೆಯಲ್ಲಿ ನೀರು ಆರುತ್ತೆ, ಉಪ್ಪು ಉಳಿಯುತ್ತೆ. ಆಗ ಏನು ಸೇರಿಸಬೇಕು, ಎಷ್ಟು ಅನ್ನೋದನ್ನು ಮುಂದಿನ ವಾರ ನೋಡೋಣ.