ಪೊಲೀಸರನ್ನು ಕೇಳುವವರಿಗೆ ನಾವು ಓಟು ಹಾಕೋದು ಯಾವಾಗ?



ನಾನು ಬರಹಗಾರನಲ್ಲ. ಪ್ರೆಸ್ ಇಟ್ಟುಕೊಂಡು ಹೊಟ್ಟೆ ಹೊರೆಯುವವನು. ಓದಿದ್ದು ಪಿ.ಯು.ಸಿ. ಅಪ್ಪನ ಕಾಲದಲ್ಲಿ ಟ್ರೆಡಲ್ ಮಷೀನು, ಸೀಸದ ಮೊಳೆ. ನನ್ನ ಕೈಗೆ ಬರುವ ಹೊತ್ತಿಗೆ ಆಫ್‌ಸೆಟ್ ಬಂತು. ಮದುವೆ ಕಾರ್ಡು, ಬಿಲ್ ಬುಕ್ಕು, ರಾಜ್ಯೋತ್ಸವದ ವಾಲ್‌ಪೋಸ್ಟರು, ಇವು ವರ್ಷವಿಡೀ ನಡೆಯುವ ಕೆಲಸ. ಚುನಾವಣೆ ಬಂತೆಂದರೆ ಕರಪತ್ರ. ಎಂ.ಎಲ್.ಎ., ಕಾರ್ಪೊರೇಟರ್, ಸಹಕಾರಿ ಬ್ಯಾಂಕಿನ ಡೈರೆಕ್ಟರು, ಜಾತಿ ಸಂಘಗಳು, ಕೊನೆಗೆ ಸಾಹಿತ್ಯ ಪರಿಷತ್ತು ಕೂಡ. ಕೈಮುಗಿದು ನಿಂತವರ ಫೋಟೋ ನನ್ನ ಮಷೀನಿನಿಂದ ಲಕ್ಷಗಟ್ಟಲೆ ಹೊರಬಿದ್ದಿವೆ. ಆದರೆ ಒಂದು ಚುನಾವಣೆಯ ಕರಪತ್ರ ಮಾತ್ರ ಈವರೆಗೆ ನಾನು ಅಚ್ಚು ಹಾಕಿಲ್ಲ. ಅಂಥ ಚುನಾವಣೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ನಮ್ಮ ಹಳೇ ಗಿರಾಕಿಯೊಬ್ಬರ ಮಗಳು ಅಮೆರಿಕದ ಚಿಕಾಗೋದಲ್ಲಿದ್ದಾಳೆ. ಅಪ್ಪನ ಮನೆಯ ಗೃಹಪ್ರವೇಶದ ಕಾರ್ಡು ಮಾಡಿಸಲು ಬಂದವಳು, "ಅಂಕಲ್, ಇಂಥ ದಪ್ಪ ಪೇಪರ್ ಸಿಗುತ್ತಾ?" ಅಂತ ಬ್ಯಾಗಿನಿಂದ ಒಂದು ಕಾರ್ಡು ತೆಗೆದು ಕೊಟ್ಟಳು. ನಾನು ಮೊದಲು ನೋಡಿದ್ದು ಪೇಪರನ್ನೇ. 300 ಜಿ.ಎಸ್.ಎಂ. ಆರ್ಟ್ ಕಾರ್ಡು, ನಾಲ್ಕು ಬಣ್ಣ, ನೋಂದಣಿ ಕೂದಲೆಳೆಯಷ್ಟೂ ತಪ್ಪಿಲ್ಲ. ಆಮೇಲೆ ಓದಿದೆ. ಅದು ಚುನಾವಣೆಯ ಕರಪತ್ರ. ನಿಂತಿದ್ದವರು ಒಬ್ಬ ಹೆಣ್ಣುಮಗಳು. ಪಕ್ಷದ ಚಿಹ್ನೆ ಇಲ್ಲ, ನಾಯಕರ ಫೋಟೋ ಇಲ್ಲ. ತನ್ನ ಕೇರಿಯಲ್ಲಿ ಬಾಡಿಗೆ ಮನೆಯವರ ಪರ, ಶಾಲೆಯ ಪರ, ಬಂಧನಕ್ಕೊಳಗಾದ ಹುಡುಗರ ಪರ ಓಡಾಡಿದ ಸಮಾಜ ಕಾರ್ಯಕರ್ತೆ. ಕೇಳುತ್ತಿದ್ದದ್ದು ಪೊಲೀಸ್ ಸರಹದ್ದಿನ ಜನಮಂಡಳಿಗೆ ಓಟು.

ಇನ್ನೊಂದು ಸಲ ಓದಿ. ಪೊಲೀಸರ ಮೇಲೆ ಕಣ್ಣಿಡುವ ಮಂಡಳಿಗೆ, ಆ ಪೊಲೀಸರ ಸರಹದ್ದಿನಲ್ಲಿ ವಾಸ ಮಾಡುವ ಜನರೇ ಓಟು ಹಾಕುವುದು!

ಚಿಕಾಗೋ ನಗರದಲ್ಲಿ 22 ಪೊಲೀಸ್ ಸರಹದ್ದುಗಳಿವೆ. ಒಂದೊಂದಕ್ಕೆ ಮೂವರಂತೆ 66 ಜನ. 2023ರ ಫೆಬ್ರವರಿ 28ರಂದು ಮೇಯರ್ ಚುನಾವಣೆಯ ಜೊತೆಗೇ ಇವರಿಗೂ ಮೊಟ್ಟಮೊದಲ ಸಲ ಚುನಾವಣೆ ನಡೆಯಿತು. ನೂರಕ್ಕೂ ಹೆಚ್ಚು ಜನ ನಿಂತಿದ್ದರು. ಅವಧಿ ನಾಲ್ಕು ವರ್ಷ. ಗೌರವಧನ ತಿಂಗಳಿಗೆ 500 ಡಾಲರ್. ಆ ಊರಿನ ಲೆಕ್ಕಕ್ಕೆ ಅದು ಬಸ್ ಚಾರ್ಜು, ಕಾಫಿ ಖರ್ಚು ಅಂದುಕೊಳ್ಳಿ. ಗೆದ್ದವರು ತಿಂಗಳಿಗೊಮ್ಮೆ ಬಹಿರಂಗ ಸಭೆ ಕರೆಯಬೇಕು. ಯಾರು ಬೇಕಾದರೂ ಬಂದು, ನನ್ನ ಮಗನನ್ನು ಯಾಕೆ ಹಿಡಿದಿರಿ, ನಮ್ಮ ಬೀದಿಗೆ ಕರೆದರೂ ಯಾಕೆ ಬರಲಿಲ್ಲ ಅಂತ ಕೇಳಬಹುದು. ಇಡೀ ನಗರಕ್ಕೆ ಏಳು ಜನರ ಒಂದು ಆಯೋಗವಿದೆ. ಅದಕ್ಕೆ ಹೆಸರು ಸೂಚಿಸುವವರು ಈ ಮಂಡಳಿಗಳಿಂದ ಬಂದವರು. ಪೊಲೀಸ್ ಮುಖ್ಯಸ್ಥನ ಕುರ್ಚಿ ಖಾಲಿಯಾದರೆ ಮೂರು ಹೆಸರು ಆರಿಸಿ ಮೇಯರ್ ಮುಂದಿಡುವುದು ಆ ಆಯೋಗ. 2023ರಲ್ಲಿ, ಆಗಿನ್ನೂ ಅದು ತಾತ್ಕಾಲಿಕ ಆಯೋಗವಾಗಿದ್ದಾಗಲೇ, ಹಾಗೆ ಕೊಟ್ಟ ಮೂರರಲ್ಲಿ ಒಬ್ಬನನ್ನೇ ಮೇಯರ್ ಆರಿಸಿದ್ದು.

ಅಮೆರಿಕ ಅಂದ ತಕ್ಷಣ ಬಾಯಿ ಬಿಡುವ ಜಾತಿ ನನ್ನದಲ್ಲ. ಈ ಹಕ್ಕು ಅಲ್ಲಿಯ ಸರ್ಕಾರ ಕರೆದು ಕೈಗಿಟ್ಟಿದ್ದೂ ಅಲ್ಲ. ಅದೇ ಚಿಕಾಗೋದಲ್ಲಿ ಜಾನ್ ಬರ್ಜ್ ಅಂತ ಒಬ್ಬ ಪೊಲೀಸ್ ಕಮಾಂಡರ್ ಇದ್ದ. 1970ರ ದಶಕದಿಂದ 1991ರವರೆಗೆ ಅವನೂ ಅವನ ಕೈಕೆಳಗಿನವರೂ ನೂರಕ್ಕೂ ಹೆಚ್ಚು ಜನರಿಗೆ ಚಿತ್ರಹಿಂಸೆ ಕೊಟ್ಟರು. ಅನುಭವಿಸಿದವರು ಬಹುಪಾಲು ಕರಿಯರು. ಅವನಿಗೆ ಜೈಲಾಗಿದ್ದು ಹಿಂಸೆ ಕೊಟ್ಟಿದ್ದಕ್ಕಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿದ್ದಕ್ಕೆ, ಅದೂ 2010ರಲ್ಲಿ ಅಪರಾಧಿ ಅಂತ ತೀರ್ಮಾನವಾದ ಮೇಲೆ.

ಆಮೇಲೆ 2014ರ ಅಕ್ಟೋಬರ್ 20. ಲಕ್ವಾನ್ ಮೆಕ್‌ಡೊನಾಲ್ಡ್, 17 ವರ್ಷದ ಹುಡುಗ. ಒಬ್ಬ ಪೊಲೀಸ್ ಅವನಿಗೆ 16 ಗುಂಡು ಹೊಡೆದ. ಚಾಕು ಹಿಡಿದು ಮೇಲೆ ಬಿದ್ದ ಅಂತ ಪೊಲೀಸರು ಬರೆದರು. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಬೇರೆಯೇ ಇತ್ತು: ಹುಡುಗ ಪಕ್ಕಕ್ಕೆ ಸರಿದು ದೂರ ಹೋಗುತ್ತಿದ್ದ. ಆ ವಿಡಿಯೋವನ್ನು ನಗರಾಡಳಿತ 13 ತಿಂಗಳು ಬಚ್ಚಿಟ್ಟಿತು. ಅಷ್ಟರಲ್ಲಿ ಮನೆಯವರಿಗೆ 50 ಲಕ್ಷ ಡಾಲರ್ ಪರಿಹಾರವನ್ನೂ ಕೊಟ್ಟು ಮುಗಿಸಿತ್ತು. ಒಬ್ಬ ಬಿಡಿ ಪತ್ರಕರ್ತ ಕೋರ್ಟಿಗೆ ಹೋಗಿ ಗೆದ್ದ ಮೇಲೆ, 2015ರ ನವೆಂಬರ್‌ನಲ್ಲಿ ಅದು ಹೊರಬಂತು. ಊರು ಬೀದಿಗಿಳಿಯಿತು. ಗುಂಡು ಹೊಡೆದವನು 2018ರಲ್ಲಿ ಕೊಲೆ ಅಪರಾಧಿ ಅಂತ ತೀರ್ಮಾನವಾಯಿತು. ಅದಕ್ಕೂ ಎಷ್ಟೋ ವರ್ಷ ಮೊದಲಿಂದ, ಪೊಲೀಸರ ಮೇಲೆ ಜನರ ಹಿಡಿತ ಬೇಕು ಅಂತ ಬೀದಿ ಬೀದಿ ಸಹಿ ಸಂಗ್ರಹ ಮಾಡುತ್ತಿದ್ದ ಸಂಘಟನೆಗಳಿದ್ದವು. ಒಬ್ಬರಿಗೊಬ್ಬರಿಗೆ ಆಗುತ್ತಿರಲಿಲ್ಲ, ಒಬ್ಬರ ಮಸೂದೆ ಇನ್ನೊಬ್ಬರಿಗೆ ಹಿಡಿಸುತ್ತಿರಲಿಲ್ಲ. (ಇದನ್ನು ಓದುವಾಗ ನಮ್ಮ ಕನ್ನಡ ಸಂಘಟನೆಗಳ ನೆನಪಾದರೆ ತಪ್ಪು ನನ್ನದಲ್ಲ.) ಕೊನೆಗೆ ಒಂದಾಗಿ ಒಂದೇ ಮಸೂದೆ ಹಿಡಿದರು. 2021ರ ಜುಲೈನಲ್ಲಿ ನಗರಸಭೆಯಲ್ಲಿ ಅದು 36ಕ್ಕೆ 13 ಓಟಿನಿಂದ ಪಾಸಾಯಿತು. ಆ ಹೆಣ್ಣುಮಗಳ ಕಾರ್ಡಿನ ಹಿಂದೆ ಇಷ್ಟೆಲ್ಲ ಇದೆ.

ಈಗ ನಮ್ಮ ಊರಿಗೆ ಬನ್ನಿ.

2015ರ ಪಾಲಿಕೆ ಚುನಾವಣೆ. ಪ್ರಚಾರ ಮುಗಿಯಲು ಎರಡು ದಿನ. ಪ್ರೆಸ್ಸು ರಾತ್ರಿಯಿಡೀ ಓಡುತ್ತಿತ್ತು. ನಮ್ಮ ಬೈಂಡಿಂಗ್ ಹುಡುಗ, ಸಿಂಧನೂರು ಕಡೆಯವನು, ರಾತ್ರಿ ಒಂದು ಗಂಟೆಗೆ ಕೆಲಸ ಮುಗಿಸಿ ರೂಮಿಗೆ ಹೊರಟ. ಬೆಳಿಗ್ಗೆ ಬರಲಿಲ್ಲ. ಹತ್ತು ಗಂಟೆಗೆ ರೂಮಿನವನು ಓಡಿ ಬಂದು, "ಠಾಣೆಯಲ್ಲಿ ಕೂರಿಸಿದ್ದಾರೆ ಅಣ್ಣಾ" ಅಂದ. ಯಾವ ಠಾಣೆ ಅನ್ನುವುದು ಇಲ್ಲಿ ಬೇಡ. ಹೋದೆ. ಹುಡುಗ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬಲಗೈ ಊದಿಕೊಂಡಿತ್ತು. ಫಾರಂ ಮಡಿಸಿ, ಜೋಡಿಸಿ, ಹೊಲಿಯುವ ಕೈ ಅದು. ಯಾಕೆ ಅಂತ ಕೇಳಿದೆ. "ಸಂಶಯದ ಮೇಲೆ" ಅಂದರು. ಏನು ಸಂಶಯ? ಉತ್ತರವಿಲ್ಲ. ಯಾವುದಾದರೂ ಪುಸ್ತಕದಲ್ಲಿ ಬರೆದಿದ್ದೀರಾ? ಉತ್ತರವಿಲ್ಲ. ಹೊಡೆದವರ ಹೆಸರು ನೋಡೋಣವೆಂದರೆ ಶರ್ಟಿನ ಮೇಲೆ ಹೆಸರಿನ ಪಟ್ಟಿಯೇ ಇಲ್ಲ.

ಇಲ್ಲೊಂದು ಮಾತು. ನಾನು ಒಂದು ಚುನಾವಣೆ ಕರಪತ್ರ ಅಚ್ಚು ಹಾಕಿದರೆ ಕೆಳಗೆ ಮುದ್ರಕರ ಹೆಸರು, ವಿಳಾಸ, ಮಾಡಿಸಿದವರ ಹೆಸರು ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ. ಪ್ರತಿ ಚುನಾವಣೆಗೂ ಅಧಿಕಾರಿಗಳು ನಮ್ಮನ್ನು ಕರೆಸಿ ಇದನ್ನು ಓದಿ ಹೇಳಿ ಕಳಿಸುತ್ತಾರೆ. ಬಂಧಿಸುವ ಪೊಲೀಸರು ಹೆಸರು, ಹುದ್ದೆ ಕಾಣುವಂತೆ ಹಾಕಿಕೊಂಡಿರಬೇಕು, ಬಂಧನದ ಪತ್ರ ಬರೆದು ಸಾಕ್ಷಿ ಸಹಿ ಹಾಕಿಸಬೇಕು, ಮನೆಯವರಿಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟು ಡಿ.ಕೆ. ಬಸು ಕೇಸಿನಲ್ಲಿ ಹೇಳಿದ್ದು 1996ರ ಡಿಸೆಂಬರ್‌ನಲ್ಲಿ. ಕಾಗದದ ಚೂರಿಗೆ ಹೆಸರು ಕಡ್ಡಾಯ. ಲಾಠಿ ಹಿಡಿದ ಕೈಗೂ ಕಡ್ಡಾಯವೇ, ಆದರೆ ಆ ಠಾಣೆಯಲ್ಲಿ ಅದನ್ನು ಓದಿ ಹೇಳುವವರು ಯಾರೂ ಇರಲಿಲ್ಲ.

ಆ ದಿನ ನಾನೇನು ಮಾಡಿದೆ? ಹೇಳಲು ನಾಚಿಕೆ. ಯಾರ ಕರಪತ್ರ ಅಚ್ಚು ಹಾಕುತ್ತಿದ್ದೆನೋ ಆ ಪುಢಾರಿಗೆ ಫೋನ್ ಮಾಡಿದೆ. ಅವನು ಒಳಗೆ ಫೋನ್ ಮಾಡಿದ. ಹತ್ತು ನಿಮಿಷಕ್ಕೆ ಹುಡುಗನನ್ನು ಬಿಟ್ಟರು, ನನಗೆ ಟೀ ಕೂಡ ಕೊಟ್ಟರು. ಪುಢಾರಿ ಗೆದ್ದ. ಕರಪತ್ರದ ಬಿಲ್ಲಿನಲ್ಲಿ ಅರ್ಧ ಇವತ್ತಿಗೂ ಬಂದಿಲ್ಲ. ಕೇಳಲು ಹೋದಾಗ, "ನಿನ್ನ ಹುಡುಗನ್ನ ಬಿಡಿಸಿದ್ದು ಮರೆತ್ಯಾ?" ಅಂದ. ಹುಡುಗ ಒಂದು ವಾರ ಕೈಗೆ ಪಟ್ಟಿ ಕಟ್ಟಿಕೊಂಡು ಬಂದ. ಆಮೇಲೆ ಊರಿಗೆ ಹೋದವನು ತಿರುಗಿ ಬರಲಿಲ್ಲ.

ನಾಮಫಲಕದ ಹೋರಾಟದಲ್ಲಿ ವ್ಯಾನು ಹತ್ತಿದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ನಿಮ್ಮ ಧೈರ್ಯಕ್ಕೆ ಶರಣು. ಆದರೆ ಒಂದು ನಿಜ ಒಪ್ಪಿಕೊಳ್ಳಿ ತಮ್ಮಂದಿರಾ. ನೂರು ಜನರ ಜೊತೆ, ಕ್ಯಾಮೆರಾ ಮುಂದೆ, ಕೊರಳಲ್ಲಿ ಶಾಲು ಹಾಕಿಕೊಂಡು ವ್ಯಾನು ಹತ್ತಿದವರಿಗೆ ಸಂಜೆ ಬಿಡುಗಡೆ ಖಾತ್ರಿ, ನಾಯಕರ ಫೋನು ಖಾತ್ರಿ. ರಾತ್ರಿ ಒಂದು ಗಂಟೆಗೆ ಒಬ್ಬನೇ ನಡೆದು ಹೋಗುವ ಕನ್ನಡದ ಕೂಲಿ ಹುಡುಗನಿಗೆ ಏನು ಖಾತ್ರಿ?

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಪ್ರಕಾಶ್ ಸಿಂಗ್ ಅಂತ ನಿವೃತ್ತ ಪೊಲೀಸ್ ಮಹಾನಿರ್ದೇಶಕರು 1996ರಲ್ಲಿ ಹಾಕಿದ ಅರ್ಜಿಯ ಮೇಲೆ, 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟು ಏಳು ಆದೇಶ ಕೊಟ್ಟಿತು. ಅದರಲ್ಲೊಂದು, ರಾಜ್ಯಕ್ಕೊಂದು ಮತ್ತು ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಅಂತ. ಡಿವೈಎಸ್ಪಿವರೆಗಿನವರ ಮೇಲಿನ ದೂರು ಜಿಲ್ಲೆಯದಕ್ಕೆ, ಎಸ್‌ಪಿ ಮತ್ತು ಮೇಲಿನವರದ್ದು ರಾಜ್ಯದ್ದಕ್ಕೆ. ಠಾಣೆಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರ, ಸುಲಿಗೆ, ಜಾಗ ಕಬಳಿಕೆ ಎಲ್ಲ ಇದರ ವ್ಯಾಪ್ತಿಗೆ. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಈ ಪ್ರಾಧಿಕಾರಗಳನ್ನು ಸೇರಿಸಿತು. ಅಂದರೆ ನಮ್ಮ ಹುಡುಗನ ಕೈ ಊದಿದ ದಿನ ಕಾನೂನು ಪುಸ್ತಕದಲ್ಲಿತ್ತು. ನನಗೆ ಗೊತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ಕೈ ಎತ್ತಿ. ಪಲ್ಸ್ ಪೋಲಿಯೋಗೆ, ಆಸ್ತಿ ತೆರಿಗೆಗೆ, ಡೆಂಗಿಗೆ ಕರಪತ್ರ ನೋಡಿದ್ದೇನೆ. ಈ ಪ್ರಾಧಿಕಾರದ ಒಂದೇ ಒಂದು ಕರಪತ್ರ ನನ್ನ ಪ್ರೆಸ್ಸಿಗಾಗಲಿ, ನಾನು ಬಲ್ಲ ಬೇರೆ ಪ್ರೆಸ್ಸಿಗಾಗಲಿ ಬಂದಿಲ್ಲ. ಬರುವುದಾದರೂ ಹೇಗೆ? ಅದರ ಸದಸ್ಯರು ನೇಮಕವಾಗುವವರು. ಓಟು ಕೇಳಬೇಕಾಗಿಲ್ಲ, ಹಾಗಾಗಿ ನಮಗೆ ಮುಖ ತೋರಿಸಬೇಕಾಗಿಯೂ ಇಲ್ಲ.

ಜನರು ಆರಿಸಿದವರಿಗೆ ಒಂದು ಸಣ್ಣ ಕಿಂಡಿ ಮಾತ್ರ ತೆರೆದಿದೆ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಕೇಸಿನಲ್ಲಿ ಸುಪ್ರೀಂ ಕೋರ್ಟು, ದೇಶದ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಲಾಕಪ್ಪಿನಲ್ಲೂ ಇರಬೇಕು ಅಂದಿತು. ಅದನ್ನು ನೋಡಿಕೊಳ್ಳಲು ಜಿಲ್ಲೆಗೊಂದು ಮೇಲ್ವಿಚಾರಣಾ ಸಮಿತಿ. ಅದರಲ್ಲಿ ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಎಸ್‌ಪಿ, ಜೊತೆಗೆ ಊರಿನ ಮೇಯರ್ ಅಥವಾ ಹಳ್ಳಿ ಕಡೆಯಾದರೆ ಜಿಲ್ಲಾ ಪಂಚಾಯ್ತಿ ಮುಖ್ಯಸ್ಥರು. ನಾವು ಆರಿಸಿದವರಿಗೆ ಅಂತ ಇರುವುದು ಇದೊಂದು ಕುರ್ಚಿ. ಅದರ ಗತಿ ಏನಾಯಿತು? ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಐದು ವರ್ಷ ಚುನಾವಣೆ ಇಲ್ಲ, ಮೇಯರ್ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿದರು. ಜಿಲ್ಲಾ ಪಂಚಾಯ್ತಿಗಳ ಅವಧಿಯೂ 2021ರಲ್ಲಿ ಮುಗಿದು, ಅಲ್ಲೂ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ದರ್ಬಾರು. ಕುರ್ಚಿ ಹಾಕಿದ್ದು ಸುಪ್ರೀಂ ಕೋರ್ಟು. ಕೂರುವವರೇ ಇಲ್ಲದ ಹಾಗೆ ನೋಡಿಕೊಂಡಿದ್ದು ಸರ್ಕಾರ, ಯಾವ ಪಕ್ಷದ್ದಾದರೂ ಸರಿ.

ನೀವು ಕೇಳಬಹುದು: ನಮ್ಮಲ್ಲಿ ಇಂಥ ಚುನಾವಣೆ ಮಾಡಿದರೆ ರೌಡಿಶೀಟರೇ ಗೆದ್ದು ಬರೋಲ್ವಾ ಅಂತ. ಬರಬಹುದು. ಕರಪತ್ರ ಅಚ್ಚು ಹಾಕುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕಾಗೋದಲ್ಲೂ ಪೊಲೀಸರ ಯೂನಿಯನ್ನು ತನಗೆ ಬೇಕಾದ ಅಭ್ಯರ್ಥಿಗಳ ಬೆನ್ನಿಗೆ ನಿಂತಿತ್ತು. ಇನ್ನೊಂದು ಕೊರತೆಯೂ ಇದೆ: ಅಲ್ಲಿಯ ಮಂಡಳಿಗೆ ಒಬ್ಬ ಪೇದೆಯನ್ನು ಅಮಾನತು ಮಾಡುವ ಅಧಿಕಾರವೂ ಇಲ್ಲ. ಇದನ್ನೆಲ್ಲ ಮುಚ್ಚಿಟ್ಟು ನಿಮಗೆ ಬಣ್ಣದ ಕಾರ್ಡು ತೋರಿಸುವುದು ನನಗೆ ಬೇಡ. ಆದರೂ ನನ್ನ ಲೆಕ್ಕ ಬೇರೆ. ಆವತ್ತು ನಾನು ಫೋನ್ ಮಾಡಿದ ಪುಢಾರಿಗೆ ನಮ್ಮ ಹುಡುಗನನ್ನು ಬಿಡಿಸುವ ಕರ್ತವ್ಯ ಇರಲಿಲ್ಲ. ಆದ್ದರಿಂದ ಅದು ಉಪಕಾರವಾಯಿತು, ಉಪಕಾರ ಸಾಲವಾಯಿತು. ಅದೇ ಕೆಲಸಕ್ಕೆಂದು ಓಟು ಕೇಳಿ ಗೆದ್ದ ಒಬ್ಬ ಹೆಣ್ಣುಮಗಳು ಸರಹದ್ದಿನಲ್ಲಿ ಇದ್ದಿದ್ದರೆ, ನಾನು ಅವರ ಬಾಗಿಲಿಗೆ ಹೋಗಿ "ಬನ್ನಿ ಅಮ್ಮಾ, ಇದು ನಿಮ್ಮ ಕೆಲಸ" ಅನ್ನಬಹುದಿತ್ತು. ಬಾರದಿದ್ದರೆ ಮುಂದಿನ ಸಲ ಓಟು ಹಾಕುತ್ತಿರಲಿಲ್ಲ, ಅಷ್ಟೇ.

ಅಂಥವರು ನಮ್ಮ ಕೇರಿಗಳಲ್ಲಿ ಇಲ್ಲವೇ? ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಪರ ರಾತ್ರಿ ಠಾಣೆಗೆ ಹೋಗಿ ಕೂತವರು, ಆಟೋದವರ ಪರ ಜಗಳ ಆಡಿದವರು, ಸ್ಲಮ್ಮಿನ ಮನೆ ಕೆಡವಲು ಬಂದಾಗ ಅಡ್ಡ ನಿಂತವರು ಇದ್ದಾರೆ. ದೂರು ಪ್ರಾಧಿಕಾರದ ಕುರ್ಚಿಗಳಲ್ಲಿ ಕೆಲವಾದರೂ ಜನರ ಓಟಿನಿಂದ ತುಂಬಲಿ ಅಂತ ಕಾಯ್ದೆ ತಿದ್ದಲು ವಿಧಾನಸಭೆಗೆ ಎಷ್ಟು ಹೊತ್ತು ಬೇಕು? ಶಾಸಕರ ಸಂಬಳ ಏರಿಸುವ ಮಸೂದೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಾವು ನೋಡಿದ್ದೇವೆ. ಮುಂದಿನ ಸಲ ನಿಮ್ಮ ಬಾಗಿಲಿಗೆ ಕೈಮುಗಿದು ಬಂದವರನ್ನು ರಸ್ತೆ, ಚರಂಡಿ ಕೇಳಿದ ಮೇಲೆ ಇದನ್ನೂ ಕೇಳಿ.

ಅಲ್ಲಿಯವರೆಗೆ ಒಂದು ಕೆಲಸ ಇದೆ. ಅದೇ 2020ರ ತೀರ್ಪಿನಲ್ಲಿ, ಪ್ರತಿ ಠಾಣೆಯ ಬಾಗಿಲಲ್ಲೂ ಒಳಗೂ ದೊಡ್ಡ ಪೋಸ್ಟರು ಇರಬೇಕು ಅಂತಿದೆ. ಇಲ್ಲಿ ಕ್ಯಾಮೆರಾ ಇದೆ, ಮಾನವ ಹಕ್ಕು ಉಲ್ಲಂಘನೆಯಾದರೆ ನೀವು ದೂರು ಕೊಡಬಹುದು, ದೃಶ್ಯವನ್ನು ಕನಿಷ್ಠ ಆರು ತಿಂಗಳು ಇಡಲಾಗುತ್ತದೆ, ಅದನ್ನು ಕಾಪಾಡಿ ಇಡಿಸುವ ಹಕ್ಕು ನೊಂದವರಿಗಿದೆ ಅಂತ ಅದರಲ್ಲಿ ಬರೆದಿರಬೇಕು. ಇಂಗ್ಲಿಷ್, ಹಿಂದಿ ಮತ್ತು ಆಯಾ ನಾಡಿನ ಭಾಷೆಯಲ್ಲಿ. ನಮ್ಮ ನಾಡಿನ ಭಾಷೆ ಯಾವುದು ಅಂತ ಈ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ.

ನಿಮ್ಮ ಏರಿಯಾದ ಠಾಣೆಗೆ ಹೋಗಿ ನೋಡಿ. ಕನ್ನಡದಲ್ಲಿ ಆ ಪೋಸ್ಟರು ಇದ್ದರೆ ಸಂತೋಷ. ಇಲ್ಲದಿದ್ದರೆ ಹಾಕಿ ಅಂತ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ. ಪೋಸ್ಟರಿನ ಕನ್ನಡವನ್ನು ನಾನು ಕಂಪೋಸ್ ಮಾಡಿ ಇಟ್ಟಿದ್ದೇನೆ, ಪ್ಲೇಟೂ ರೆಡಿ ಇದೆ. ಅರ್ಜಿಯ ಜೊತೆ ಲಗತ್ತಿಸಲು ಎಷ್ಟು ಪ್ರತಿ ಬೇಕೋ ಹೇಳಿ, ಪೇಪರಿನ ಖರ್ಚು ಕೊಟ್ಟರೆ ಸಾಕು, ಅಚ್ಚಿನ ಕೂಲಿ ಬೇಡ. ಕೆಳಗೆ ಮುದ್ರಕರ ಹೆಸರು, ವಿಳಾಸ ಇರುತ್ತದೆ.

ಹೋಗುವಾಗ ಇಬ್ಬರು ಹೋಗಿ. ಹಗಲು ಹೊತ್ತಿನಲ್ಲೇ ಹೋಗಿ.